ಜಲಸಸ್ಯಗಳುಳ್ಳ ಮೀನುತೊಟ್ಟಿಯ ಶುಚಿತ್ವವೂ ಪರಿಪಾಲನೆಯೂ



ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯೊಂದು ಇದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದರೊಳಗೆ ರಿಬ್ಬನಿನಂಥ ಎಲೆಗಳುಳ್ಳ ವ್ಯಾಲಿಸ್ನೇರಿಯ ಗಿಡಗಳೂ ಹೈಡ್ರಿಲ್ಲದ ಪೊದೆಯೂ ಹನ್ನೊಂದು ಚಿಕ್ಕ ಮೀನುಗಳೂ ಇದ್ದವು. ನಾನು ಒಂಭತ್ತನೆಯ ತರಗತಿಯಲ್ಲಿದ್ದ ವರ್ಷ ಅದನ್ನು ನೋಡಿಕೊಳ್ಳುವ ಕೆಲಸವು ನನಗೂ ನನ್ನ ಇಬ್ಬರು ಗೆಳತಿಯರಿಗೂ ಬಂದಿತ್ತು. ವಾರ್ಷಿಕೋತ್ಸವಕ್ಕೆ ಎರಡು ದಿವಸ ಮುಂಚೆ, ಬರುವ ಅತಿಥಿಗಳ ಕಣ್ಣಿಗೆ ತೊಟ್ಟಿಯು ಕನ್ನಡಿಯಂತೆ ಹೊಳೆಯಬೇಕೆಂದು ನಾವು ಮೂವರೂ ನಿಶ್ಚಯಿಸಿಕೊಂಡು, ಮೀನುಗಳನ್ನು ಬಾಲ್ದಿಗೆ ತೆಗೆದು, ನೀರನ್ನೆಲ್ಲ ಚೆಲ್ಲಿ, ಗಿಡಗಳನ್ನು ಬೇರುಸಹಿತ ಕಿತ್ತು, ಮರಳನ್ನು ಬಿಸಿನೀರಿನಲ್ಲಿ ಮೂರು ಸಾರಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕೊಳೆಯೆಲ್ಲ ಹೋಗುವ ತನಕ ಹಿಂಡಿದೆವು. ಉತ್ಸವದ ದಿನ ಎಲ್ಲರೂ ಹೊಗಳಿದರು. ಮಾರನೆಯ ದಿನ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ವಾರವು ಮುಗಿಯುವಷ್ಟರಲ್ಲಿ ಹನ್ನೊಂದರಲ್ಲಿ ಮೂರು ಮಾತ್ರ ಉಳಿದಿದ್ದವು.

ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ನಮ್ಮನ್ನು ಗದರಿಸಲಿಲ್ಲ. ನಾವು ಮಾಡಿದ ಕೆಲಸಗಳನ್ನು ಒಂದೊಂದಾಗಿ ನಮ್ಮಿಂದಲೇ ಬರೆಯಿಸಿ, ಅದನ್ನು ಓದಿ ನೋಡಿ, “ಮಕ್ಕಳೇ, ನೀವು ತೊಟ್ಟಿಯನ್ನು ಅಡಿಗೆಮನೆಯ ಪಾತ್ರೆಯಂತೆ ಬೆಳಗಿದಿರಿ. ಅದು ಪಾತ್ರೆಯಲ್ಲ, ಹೊಲ. ಹೊಲವನ್ನು ಯಾರಾದರೂ ತಿಕ್ಕಿ ತೊಳೆಯುವರೇ?” ಎಂದರು. ಆ ಮಾತನ್ನು ಚೆನ್ನಾಗಿ ತಿಳಿದುಕೊಳ್ಳುವುದಕ್ಕೆ ನನಗೆ ಕೆಲವು ವರ್ಷಗಳೇ ಹಿಡಿದವು. ಈಗ ಅನೇಕ ಮನೆಗಳಲ್ಲಿ ಮಕ್ಕಳು ಹಟಮಾಡಿ ಮೀನುತೊಟ್ಟಿಯನ್ನು ತರಿಸಿಕೊಳ್ಳುತ್ತಾರೆ. ತಿಂಗಳು ಎರಡು ತಿಂಗಳಿನಲ್ಲಿ ಮೀನುಗಳು ಸತ್ತು, ತೊಟ್ಟಿಯು ಅಟ್ಟವನ್ನು ಸೇರುತ್ತದೆ. ಇದಕ್ಕೆ ಅಲಕ್ಷ್ಯವು ಎಷ್ಟು ಕಾರಣವೋ ಅಷ್ಟೇ ಮಿತಿಮೀರಿದ ಶುಚಿತ್ವವೂ ಕಾರಣವೆಂಬುದನ್ನು ತಿಳಿಸಿ, ಸರಿಯಾದ ಕ್ರಮವನ್ನು ವಿವರಿಸುವುದಕ್ಕಾಗಿ ಈ ಲೇಖನವನ್ನು ಬರೆದಿರುತ್ತೇನೆ.

ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನು ಸಾಕಿ ಪರೀಕ್ಷಿಸುವ ಪದ್ಧತಿಯು ಬಹಳ ಹಳೆಯದಲ್ಲ. ೧೮೩೨ರಲ್ಲಿ ಜಾನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆಯು ಸಿಸಿಲಿ ದ್ವೀಪದ ಮೆಸ್ಸೀನ ಪಟ್ಟಣದಲ್ಲಿ ಸಮುದ್ರದ ಜೀವಿಗಳ ಅಭ್ಯಾಸಕ್ಕಾಗಿ ಗಾಜಿನ ತೊಟ್ಟಿಯನ್ನು ಮಾಡಿಸಿ ಉಪಯೋಗಿಸಿದಳು. ಈಕೆಯು ಮೊದಲು ಬಟ್ಟೆ ಹೊಲಿದು ಜೀವಿಸಿದವಳೆಂಬುದು ನಮ್ಮ ವಿದ್ಯಾರ್ಥಿನಿಯರು ನೆನಪಿಡತಕ್ಕ ಸಂಗತಿ. ಸಿಹಿನೀರಿನ ತೊಟ್ಟಿಗೆ ಸಂಬಂಧಿಸಿದ ಮುಖ್ಯ ಪರೀಕ್ಷೆಯನ್ನು ನಡಿಸಿದವನು ಲಂಡನಿನ ರಸಾಯನಶಾಸ್ತ್ರಜ್ಞನಾದ ರಾಬರ್ಟ್ ವಾರಿಂಗ್ಟನ್. ಅವನು ೧೨ ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಗಿಡವನ್ನೂ ಇಟ್ಟನು. ಗಿಡವು ಮೀನಿಗೆ ಬೇಕಾದ ಆಮ್ಲಜನಕವನ್ನು ಕೊಟ್ಟಿತು. ಆದರೆ ಕೆಲವು ಕಾಲದಲ್ಲಿ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿ, ಗಾಜಿಗೆ ಹಸುರು ಪಾಚಿ ಹತ್ತಿತು. ಆಗ ಅವನು ಕೆರೆಯ ಕೆಲವು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಗಳನ್ನೂ ಪಾಚಿಯನ್ನೂ ತಿಂದವು, ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು, ನೀರು ತಿಳಿಯಾಯಿತು. ಈ ಸಂಗತಿಯನ್ನು ಅವನು ೧೮೫೦ರಲ್ಲಿ ಅಲ್ಲಿಯ ರಸಾಯನಶಾಸ್ತ್ರ ಸಂಘಕ್ಕೆ ತಿಳಿಸಿದನು. ಕೊಳೆಯುವ ವಸ್ತುವನ್ನು ತೆಗೆಯುವವರು ಯಾರಾದರೂ ಇರಲೇಬೇಕೆಂಬುದು ಅವನ ಪರೀಕ್ಷೆಯಿಂದ ಸ್ಪಷ್ಟವಾಯಿತು.

ಆದರೆ ಕಣ್ಣಿಗೆ ಕಾಣದ ಕಲ್ಮಷವೊಂದುಂಟು. ಮೀನುಗಳು ತಮ್ಮ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯಾವನ್ನು ಹೊರಕ್ಕೆ ಬಿಡುತ್ತವೆ. ತಿನ್ನದೆ ಉಳಿದ ಆಹಾರವೂ ಸತ್ತ ಎಲೆಗಳೂ ಕೊಳೆಯುವಾಗ ಅದೇ ವಸ್ತುವು ಹುಟ್ಟುತ್ತದೆ. ಇದು ನೀರಿನ ಬಣ್ಣವನ್ನು ಕೆಡಿಸುವುದಿಲ್ಲ, ಮೀನಿನ ಕಿವಿರುಗಳನ್ನು ಮಾತ್ರ ಸುಡುತ್ತದೆ. ಹೊಳೆಯಲ್ಲಾದರೆ ಹರಿಯುವ ನೀರು ಅದನ್ನು ಕೊಂಡೊಯ್ಯುತ್ತದೆ. ತೊಟ್ಟಿಯಲ್ಲಿ ಅದಕ್ಕೆ ಹೋಗುವ ದಾರಿಯಿಲ್ಲ. ಇಲ್ಲಿ ನಮಗೆ ಸಹಾಯಮಾಡುವವು ಸೂಕ್ಷ್ಮಜೀವಿಗಳು. ಇವುಗಳಲ್ಲಿ ಒಂದು ಜಾತಿಯವು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಸಹ ವಿಷವೇ. ಅದು ಮೀನಿನ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಶಕ್ತಿಯಿಲ್ಲದಂತೆ ಮಾಡುತ್ತದೆ. ಕೊನೆಯದಾದ ನೈಟ್ರೇಟ್ ಬಹಳ ಮಟ್ಟಿಗೆ ನಿರಪಾಯವಾದದ್ದು, ಗಿಡಗಳಿಗೆ ಅದು ಗೊಬ್ಬರವಾಗುತ್ತದೆ. ಈ ಕೆಲಸ ಮಾಡುವ ಜೀವಿಗಳನ್ನು ಮಣ್ಣಿನಿಂದ ಬೇರ್ಪಡಿಸಿ ೧೮೯೦ರಲ್ಲಿ ಲೋಕಕ್ಕೆ ತಿಳಿಸಿದವರಲ್ಲಿ ರಷ್ಯದ ಸೆರ್ಗೇಯ್ ವಿನೊಗ್ರಾಡ್‌ಸ್ಕಿಯೂ, ಇಂಗ್ಲೆಂಡಿನ ಪರ್ಸಿ ಫ್ರಾಂಕ್ಲೆಂಡ್ ಮತ್ತು ಅವನ ಪತ್ನಿ ಗ್ರೇಸ್ ಫ್ರಾಂಕ್ಲೆಂಡ್ ಎಂಬವರೂ ಮುಖ್ಯರು. ಎರಡು ಮೆಟ್ಟಲುಗಳ ಕೆಲಸವನ್ನೂ ಒಂದೇ ಜೀವಿಯು ಮಾಡಬಲ್ಲದೆಂಬುದು ೨೦೧೫ರಲ್ಲಿ ತಿಳಿದುಬಂತು.

ಈ ಜೀವಿಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಮರಳಿನ ಕಣಗಳ ಮೇಲೂ, ಗಿಡಗಳ ಬೇರು ಎಲೆಗಳ ಮೇಲೂ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜಿನೊಳಗೂ ತೆಳ್ಳಗಿನ ಲೋಳೆಯಂತೆ ಅಂಟಿಕೊಂಡಿರುತ್ತವೆ. ನಾವು ಕೊಳೆಯೆಂದು ತಿಳಿದು ಹಿಂಡಿ ಚೆಲ್ಲಿದ್ದು ಇವುಗಳನ್ನೇ. ಬೇರೆ ಅನೇಕ ಸೂಕ್ಷ್ಮಜೀವಿಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಇವುಗಳಿಗಾದರೋ ಅನೇಕ ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಆದುದರಿಂದಲೇ ಹೊಸ ತೊಟ್ಟಿಯು ಹದಕ್ಕೆ ಬರುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಅಂಗಡಿಯಿಂದ ತೊಟ್ಟಿಯನ್ನೂ ಮೀನುಗಳನ್ನೂ ಒಂದೇ ದಿನ ತಂದು ತುಂಬಿಸುವವರು ಮೊದಲ ತಿಂಗಳಿನಲ್ಲಿಯೇ ಮೀನುಗಳನ್ನು ಕಳಕೊಳ್ಳುವುದರ ಕಾರಣವೂ ಇದೇ. ಮೊದಲು ಗಿಡಗಳನ್ನು ನೆಟ್ಟು, ಅವು ಚಿಗುರಿದ ಮೇಲೆ ಎರಡು ಮೂರು ಮೀನುಗಳನ್ನು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಸಂಖ್ಯೆಯನ್ನು ಹೆಚ್ಚಿಸತಕ್ಕದ್ದು. ನೀರಿಗೆ ತೊಟ್ಟು ತೊಟ್ಟಾಗಿ ಹಾಕಿ ಬಣ್ಣದಿಂದ ಅಮೋನಿಯಾ ಮತ್ತು ನೈಟ್ರೈಟ್‌ಗಳ ಪ್ರಮಾಣವನ್ನು ತಿಳಿಸುವ ದ್ರಾವಣಗಳು ಈಗ ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಅವೆರಡೂ ಸೊನ್ನೆಯಾಗಿದ್ದರೆ ತೊಟ್ಟಿಯು ಹದಕ್ಕೆ ಬಂದಿತೆಂದು ತಿಳಿಯಬಹುದು.

ಜಲಸಸ್ಯಗಳ ಉಪಕಾರವನ್ನೂ ಇಲ್ಲಿಯೇ ಹೇಳಬೇಕು. ಅವು ಅಮೋನಿಯಾವನ್ನು ನೇರವಾಗಿಯೇ ಹೀರಿಕೊಳ್ಳುತ್ತವೆ, ನೈಟ್ರೇಟನ್ನೂ ಬಳಸಿಕೊಳ್ಳುತ್ತವೆ. ಬೆಳಕಿನಲ್ಲಿ ಇಂಗಾಲಾಮ್ಲವಾಯುವನ್ನು ಸೇವಿಸಿ ಆಮ್ಲಜನಕವನ್ನು ಬಿಡುತ್ತವೆ. ಹೈಡ್ರಿಲ್ಲದ ಮೇಲೆ ಆಲಿಕೆಯನ್ನು ಬೋರಲುಹಾಕಿ, ಅದರ ಮೇಲೆ ನೀರು ತುಂಬಿದ ಗಾಜಿನ ನಳಿಗೆಯನ್ನಿಟ್ಟು, ಏಳುವ ಗುಳ್ಳೆಗಳನ್ನು ಎಣಿಸಿದ ಪಾಠವನ್ನು ಯಾವ ವಿದ್ಯಾರ್ಥಿನಿಯು ಮರೆತಾಳು! ಆದರೆ ರಾತ್ರಿಯಲ್ಲಿ ಗಿಡಗಳೂ ನಮ್ಮಂತೆಯೇ ಉಸಿರಾಡಿ ಆಮ್ಲಜನಕವನ್ನು ವ್ಯಯಮಾಡುತ್ತವೆ. ಮೀನುಗಳು ಬೆಳಗಿನ ಜಾವದಲ್ಲಿ ಮಾತ್ರ ಮೇಲಕ್ಕೆ ಬಂದು ಬಾಯಿಬಿಡುತ್ತಿದ್ದರೆ ರಾತ್ರಿ ಆಮ್ಲಜನಕವು ಸಾಲದೆಂದು ಊಹಿಸಿ, ನೀರಿನ ಮೇಲ್ಮೈ ಚೆನ್ನಾಗಿ ಅಲುಗುವಂತೆ ಫಿಲ್ಟರಿನ ಬಾಯನ್ನು ತಿರುಗಿಸಬೇಕು. ಹಗಲೂ ರಾತ್ರಿಯೂ ಹಾಗೆ ಮಾಡುತ್ತಿದ್ದರೆ ಅಮೋನಿಯಾ ಅಥವಾ ನೈಟ್ರೈಟ್ ಇದೆಯೆಂದು ಸಂಶಯಿಸಿ, ಕೂಡಲೆ ಕಾಲುಭಾಗದಷ್ಟು ನೀರನ್ನು ಬದಲಿಸಬೇಕು.

ಇನ್ನು ವಾರದ ಕೆಲಸದ ಕ್ರಮವನ್ನು ಹೇಳುವೆನು. ನಮ್ಮ ಶಾಲೆಯ ತೊಟ್ಟಿಯ ಅಳತೆಯುಳ್ಳದ್ದರಲ್ಲಿ ಮರಳು ಕಲ್ಲುಗಳನ್ನು ಬಿಟ್ಟರೆ ಸುಮಾರು ೪೫ ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೊಮ್ಮೆ ಇದರಲ್ಲಿ ೧೦ರಿಂದ ೧೨ ಲೀಟರ್, ಅಂದರೆ ಸುಮಾರು ಕಾಲುಭಾಗದಷ್ಟನ್ನು, ತೆಗೆದು ಹೊಸ ನೀರನ್ನು ಹಾಕಿದರೆ ಸಾಕು. ಹೊಸ ನೀರನ್ನು ಹಿಂದಿನ ದಿನವೇ ಸಿದ್ಧಮಾಡಿಟ್ಟುಕೊಳ್ಳಬೇಕು. ಯಾಕಂದರೆ ಪಟ್ಟಣಗಳ ನಲ್ಲಿಯ ನೀರಿಗೆ ನಮ್ಮ ಆರೋಗ್ಯಕ್ಕಾಗಿ ಕ್ಲೋರೀನನ್ನು ಸೇರಿಸಿರುತ್ತಾರೆ. ಅದು ಮೀನುಗಳ ಕಿವಿರುಗಳಿಗೂ ನಮ್ಮ ಉಪಕಾರಿಗಳಾದ ಸೂಕ್ಷ್ಮಜೀವಿಗಳಿಗೂ ಹಾನಿಕರವಾದದ್ದು. ಅಗಲವಾದ ಬಾಯುಳ್ಳ ಬಾಲ್ದಿಯಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರೀನು ಬಹುಮಟ್ಟಿಗೆ ಹಾರಿಹೋಗುತ್ತದೆ. ಕೆಲವೆಡೆ ಕ್ಲೋರೀನಿಗೆ ಬದಲಾಗಿ ಕ್ಲೋರಮೀನನ್ನು ಉಪಯೋಗಿಸುವುದುಂಟು. ಅದು ಹೀಗೆ ಹಾರಿಹೋಗತಕ್ಕದ್ದಲ್ಲವಾದುದರಿಂದ ಅಂಗಡಿಯಲ್ಲಿ ಸಿಕ್ಕುವ ನೀರುಶೋಧಕ ದ್ರವವನ್ನು ಸೀಸೆಯ ಮೇಲೆ ಹೇಳಿರುವ ಪ್ರಮಾಣದಲ್ಲಿ ಹಾಕಬೇಕು. ನೀರನ್ನು ತಾಮ್ರದ ಹಂಡೆಯಲ್ಲಿ ಇಡಬಾರದು. ತಾಮ್ರದ ಅಲ್ಪಾಂಶವು ನೀರಿಗಿಳಿದರೂ ಬಸವನಹುಳು ಸೀಗಡಿಗಳಿಗೆ ಅದು ವಿಷ. ಈ ಕೆಲಸಕ್ಕೆಂದೇ ಎರಡು ಪ್ಲಾಸ್ಟಿಕ್ ಬಾಲ್ದಿಗಳನ್ನು ಪ್ರತ್ಯೇಕವಾಗಿಟ್ಟು, ಅವುಗಳಿಗೆ ಸಾಬೂನು ತಾಕದಂತೆ ಮನೆಯವರಿಗೆಲ್ಲ ಹೇಳಿಡುವುದು ಒಳ್ಳೆಯದು.

ತೊಟ್ಟಿಗೆ ಕೈಹಾಕುವ ಮೊದಲು ಫಿಲ್ಟರು ದೀಪಗಳ ವಿದ್ಯುತ್ ತಂತಿಗಳನ್ನು ಗೋಡೆಯಿಂದ ಬಿಡಿಸತಕ್ಕದ್ದು. ಈ ನಿಯಮವನ್ನು ಎಂದಿಗೂ ಮೀರಬಾರದು. ತರುವಾಯ ಗಾಜಿನ ಒಳಮೈಯನ್ನು ಸಾಬೂನು ಕಾಣದ ಹೊಸ ಸ್ಪಂಜಿನಿಂದ ಒರಸಬೇಕು. ಮುಂಭಾಗವನ್ನು ಮಾತ್ರ ಒರಸಿ, ಹಿಂಭಾಗದ ಗಾಜಿನ ಪಾಚಿಯನ್ನು ಬಸವನಹುಳುಗಳಿಗೆ ಬಿಟ್ಟರೂ ಕೊರತೆಯಿಲ್ಲ. ಅನಂತರ ಹಳದಿಯಾದ ಮತ್ತು ಕರಗುತ್ತಿರುವ ಎಲೆಗಳನ್ನು ಬುಡದಲ್ಲಿ ಕತ್ತರಿಸಿ ತೆಗೆಯಬೇಕು. ಹೈಡ್ರಿಲ್ಲದಂತೆ ಕಾಂಡವಾಗಿ ಬೆಳೆಯುವ ಗಿಡಗಳು ನೀರಿನ ಮೇಲ್ಮೈಯನ್ನು ಮುಚ್ಚಿದರೆ ಕೆಳಗಿನ ಎಲೆಗಳಿಗೆ ಬೆಳಕು ಸಿಕ್ಕದೆ ಅವು ಕೊಳೆಯುತ್ತವೆ. ಆದಕಾರಣ ತುದಿಯನ್ನು ಕತ್ತರಿಸಿ ಮರಳಿನಲ್ಲಿ ನೆಟ್ಟರೆ ಅದೇ ಹೊಸ ಗಿಡವಾಗುತ್ತದೆ. ವ್ಯಾಲಿಸ್ನೇರಿಯವು ಮರಳಿನ ಮೇಲೆ ಬಳ್ಳಿಯನ್ನು ಓಡಿಸಿ ಮರಿಗಿಡಗಳನ್ನು ಹುಟ್ಟಿಸುತ್ತದೆ. ದಟ್ಟವಾದಾಗ ಕೆಲವನ್ನು ಕಿತ್ತು ತೆಗೆದರೆ ಸಾಕು. ಆದರೆ ಬೇರೂರಿದ ಗಿಡಗಳನ್ನು ಶುಚಿಮಾಡುವ ನೆವದಿಂದ ಪ್ರತಿವಾರವೂ ಕೀಳುವವಳು, ಬಿತ್ತಿದ ಬೀಜ ಮೊಳೆಯಿತೇ ಎಂದು ದಿನವೂ ಅಗೆದು ನೋಡಿದ ಹುಡುಗಿಗೆ ಸಮಾನಳು.

ನೀರನ್ನು ತೆಗೆಯುವುದಕ್ಕೆ ಒಂದೂವರೆ ಗಜ ಉದ್ದದ ಮೆತುವಾದ ಕೊಳವೆಯೊಂದು ಸಾಕು. ಕೊಳವೆಯ ತುಂಬ ನೀರು ತುಂಬಿ, ಎರಡು ತುದಿಗಳನ್ನೂ ಬೆರಳಿನಿಂದ ಮುಚ್ಚಿ, ಒಂದನ್ನು ತೊಟ್ಟಿಯೊಳಗೂ ಇನ್ನೊಂದನ್ನು ನೆಲದ ಮೇಲಿನ ಬಾಲ್ದಿಯೊಳಗೂ ಇಟ್ಟು ಬಿಟ್ಟರೆ ನೀರು ತಾನಾಗಿ ಹರಿಯುತ್ತದೆ. ಹೊರಗಿನ ತುದಿಯು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರುವ ತನಕ ಇದು ನಡೆಯುತ್ತದೆ. ಕೊಳವೆಯನ್ನು ಬಾಯಿಂದ ಹೀರಬಾರದು. ಮೀನುತೊಟ್ಟಿಯ ನೀರಿನಲ್ಲಿ ಮನುಷ್ಯರಿಗೆ ರೋಗ ತರುವ ಸೂಕ್ಷ್ಮಜೀವಿಗಳೂ ಇರಬಹುದು. ಅದೇ ಕಾರಣದಿಂದ ಕೈಯಲ್ಲಿ ಗಾಯವಿದ್ದವರು ಈ ಕೆಲಸವನ್ನು ಮಾಡಬಾರದು, ಮಾಡಿದವರು ಕೊನೆಗೆ ಸಾಬೂನಿನಿಂದ ಕೈ ತೊಳೆಯಬೇಕು. ಕೊಳವೆಯ ತುದಿಯನ್ನು ಗಿಡಗಳಿಲ್ಲದ ಕಡೆ ಮರಳಿಗೆ ತಾಕಿಸಿ ಕಸವನ್ನು ಎಳೆದುಕೊಳ್ಳಬಹುದು. ಗಿಡಗಳ ಬುಡದಲ್ಲಿ ಮರಳನ್ನು ಕೆದಕದೆ, ಮೇಲೆ ಕೂತ ಕಸವನ್ನು ಮಾತ್ರ ಹೀರಿಸಬೇಕು. ಮರಳಿನೊಳಗೆ ಇಳಿದದ್ದು ಬೇರುಗಳಿಗೆ ಗೊಬ್ಬರವಾಗುತ್ತದೆ.

ಫಿಲ್ಟರಿನ ಸ್ಪಂಜನ್ನು ನೀರಿನ ಹರಿವು ಕಡಿಮೆಯಾದಾಗ, ಸಾಮಾನ್ಯವಾಗಿ ತಿಂಗಳಿಗೊಮ್ಮೆ, ತೊಳೆದರೆ ಸಾಕು. ಅದನ್ನು ಎಂದಿಗೂ ನಲ್ಲಿಯ ಕೆಳಗೆ ಹಿಡಿಯಬಾರದು. ತೊಟ್ಟಿಯಿಂದ ತೆಗೆದ ನೀರಿನ ಬಾಲ್ದಿಯಲ್ಲಿಯೇ ಎರಡು ಮೂರು ಸಲ ಮೆಲ್ಲಗೆ ಹಿಂಡಿ, ತುಸು ಕಂದುಬಣ್ಣ ಉಳಿದಿರುವಾಗಲೇ ತಿರುಗಿ ಇಡತಕ್ಕದ್ದು. ಎರಡು ಸ್ಪಂಜುಗಳಿದ್ದರೆ ಒಂದನ್ನು ಈ ತಿಂಗಳು, ಇನ್ನೊಂದನ್ನು ಮುಂದಿನ ತಿಂಗಳು ತೊಳೆಯುವುದು ಲೇಸು. ಈ ಒಂದು ಪಾಠವನ್ನು ನಾವು ಆಗ ತಿಳಿದಿದ್ದರೆ ಆ ಎಂಟು ಮೀನುಗಳಲ್ಲಿ ಹೆಚ್ಚಿನವು ಬದುಕುತ್ತಿದ್ದವೆಂದು ಈಗಲೂ ನೆನಸುತ್ತೇನೆ. ಹೊಸ ನೀರನ್ನು ಹಾಕುವಾಗ ಅದು ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿ, ಮರಳು ಏಳದಂತೆ ಒಂದು ತಟ್ಟೆಯ ಮೇಲೆ ಮೆಲ್ಲಗೆ ಸುರಿಯಬೇಕು. ತೆಗೆದ ನೀರನ್ನು ಚರಂಡಿಗೆ ಚೆಲ್ಲದಿರಿ. ಅದರಲ್ಲಿರುವ ನೈಟ್ರೇಟಿನಿಂದ ಅಂಗಳದ ಮಲ್ಲಿಗೆಯೂ ತೊಂಡೆಬಳ್ಳಿಯೂ ಚೆನ್ನಾಗಿ ಚಿಗುರುತ್ತವೆ. ಇಷ್ಟೆಲ್ಲ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಲಾರದು.

ಕೆಲವರು ಆರಿಹೋದಷ್ಟು ನೀರನ್ನು ಮೇಲೆ ತುಂಬುತ್ತ ಬಂದು, ನೀರು ಬದಲಿಸುವ ಶ್ರಮವೇ ಬೇಡವೆನ್ನುತ್ತಾರೆ. ಇದು ತಪ್ಪು. ಹೇಗಂದರೆ, ನೀರು ಆವಿಯಾಗಿ ಹೋಗುವಾಗ ಅದರ ಲವಣಗಳು ಹಿಂದೆ ಉಳಿಯುತ್ತವೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಗಸಿ ಕಟ್ಟುವುದನ್ನು ನೀವೆಲ್ಲರೂ ನೋಡಿದ್ದೀರಿ. ಹಾಗೆಯೇ ತೊಟ್ಟಿಯಲ್ಲಿಯೂ ಲವಣವು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರನ್ನು ಉಪಯೋಗಿಸುವವರಲ್ಲಿ ಇದು ಬಹು ಬೇಗ ಕಾಣಿಸುವುದು. ಹಳೆಯ ಮೀನುಗಳು ಮೆಲ್ಲಮೆಲ್ಲಗೆ ಇದಕ್ಕೆ ಹೊಂದಿಕೊಂಡರೂ, ಹೊಸದಾಗಿ ತಂದವು ಅಂಥ ನೀರಿನಲ್ಲಿ ಬದುಕಲಾರವು.

ಪಾಚಿಯು ಹೆಚ್ಚುವುದಕ್ಕೆ ಮೂರು ಕಾರಣಗಳುಂಟು: ಹೆಚ್ಚು ಬೆಳಕು, ಹೆಚ್ಚು ಆಹಾರ, ಕಡಿಮೆ ಗಿಡಗಳು. ತೊಟ್ಟಿಯನ್ನು ಬಿಸಿಲು ನೇರವಾಗಿ ಬೀಳುವ ಕಿಟಿಕಿಯ ಬಳಿಯಲ್ಲಿಡದೆ, ದೀಪವನ್ನು ದಿನಕ್ಕೆ ೬ರಿಂದ ೮ ಗಂಟೆಗಳಿಗಿಂತ ಹೆಚ್ಚು ಹೊತ್ತಿಸದೆ ಇರಬೇಕು. ಆಹಾರವನ್ನು ದಿನಕ್ಕೊಮ್ಮೆ, ಎರಡು ಮೂರು ನಿಮಿಷಗಳೊಳಗೆ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ವಾರಕ್ಕೊಂದು ದಿನ ಏನನ್ನೂ ಹಾಕದಿದ್ದರೂ ಬೆಳೆದ ಮೀನಿಗೆ ಕೇಡಿಲ್ಲ. ಮನೆಯಲ್ಲಿ ಅಜ್ಜಿಯೊಮ್ಮೆ, ಮೊಮ್ಮಗನೊಮ್ಮೆ, ಬಂದ ನೆಂಟರೊಮ್ಮೆ ಪ್ರೀತಿಯಿಂದ ಚಿಟಿಕೆ ಚಿಟಿಕೆ ಹಾಕುವುದರಿಂದಲೇ ಬಹಳ ತೊಟ್ಟಿಗಳು ಕೆಡುತ್ತವೆ. ಆಹಾರದ ಡಬ್ಬಿಯು ಒಬ್ಬರ ವಶದಲ್ಲಿರುವುದು ಉತ್ತಮ.

ವಿದ್ಯುತ್ತು ನಿಂತಾಗ ಏನು ಮಾಡಬೇಕೆಂದು ಕೆಲವು ತಾಯಂದಿರು ಕೇಳಿದ್ದಾರೆ. ಒಂದೆರಡು ಗಂಟೆಗಳಾದರೆ ಭಯವಿಲ್ಲ. ಬಹಳ ಹೊತ್ತು ನಿಂತರೆ ಒಂದು ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ, ಅರ್ಧ ಅಡಿ ಎತ್ತರದಿಂದ ತಿರುಗಿ ಅದರೊಳಗೇ ಸುರಿಯುತ್ತಿರಬೇಕು. ಇದರಿಂದ ಗಾಳಿಯು ನೀರಿನಲ್ಲಿ ಬೆರೆಯುತ್ತದೆ. ೧೮೪೦ರ ದಶಕದಲ್ಲಿ ಆ್ಯನಾ ಥಿನ್ ಎಂಬ ಮಹಿಳೆಯು ಲಂಡನಿನ ತನ್ನ ಮನೆಯಲ್ಲಿ ಸಮುದ್ರದ ಹವಳಜೀವಿಗಳನ್ನು ಸಾಕಿದಾಗ, ಅವುಗಳ ನೀರನ್ನು ಮನೆಗೆಲಸದವಳಿಂದ ತೆರೆದ ಕಿಟಿಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎರಚಿಸುತ್ತಿದ್ದದ್ದು ಇದೇ ಉದ್ದೇಶದಿಂದ. ಮುಚ್ಚಿದ ಡಬ್ಬಿಯಂಥ ಫಿಲ್ಟರಾದರೆ, ಬಹಳ ಹೊತ್ತಿನ ಮೇಲೆ ವಿದ್ಯುತ್ತು ಬಂದಾಗ ಒಳಗಿನ ಕೆಟ್ಟ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ಹಿಂಡಿ, ಅನಂತರವೇ ಅದನ್ನು ನಡಿಸತಕ್ಕದ್ದು.

ಕೊನೆಗೆ ಒಂದು ಎಚ್ಚರಿಕೆ. ಬೇಡವಾದ ಮೀನುಗಳನ್ನೂ ಕತ್ತರಿಸಿದ ಗಿಡಗಳನ್ನೂ ಊರಿನ ಕೆರೆಗೆ ಬಿಡುವುದು ದಯೆಯ ಕಾರ್ಯವೆಂದು ಅನೇಕರು ಭಾವಿಸುತ್ತಾರೆ. ಅಂದವಾದ ಹೂವಿಗಾಗಿ ದಕ್ಷಿಣ ಅಮೆರಿಕದಿಂದ ತಂದ ನೀರುಗಿಡವೊಂದು ಇಂದು ನಮ್ಮ ಕೆರೆಗಳ ಮೇಲೆಲ್ಲ ಹಾಸಿ, ಅವುಗಳ ಉಸಿರು ಕಟ್ಟಿಸುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಗಾಜಿಗೆ ಅಂಟಿ ಪಾಚಿ ತಿನ್ನುವುದೆಂದು ಮಾರುವ ಅದೇ ದೇಶದ ಗಟ್ಟಿ ಚಿಪ್ಪಿನಂಥ ಮೈಯುಳ್ಳ ಮೀನು ಸಹ ದಕ್ಷಿಣ ಭಾರತದ ಜಲಾಶಯಗಳಲ್ಲಿ ನೆಲೆಯೂರಿದೆ. ಆದುದರಿಂದ ಗಿಡಗಳನ್ನು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ಮೀನುಗಳನ್ನು ಸಾಕುವ ಬೇರೆಯವರಿಗೆ ಕೊಡಿರಿ.

ಆ ಉಳಿದ ಮೂರು ಮೀನುಗಳ ವಿಷಯವನ್ನು ಹೇಳಿ ಮುಗಿಸುವೆನು. ಉಪಾಧ್ಯಾಯಿನಿಯವರು ನಮಗೊಂದು ಪುಸ್ತಕವನ್ನು ಕೊಟ್ಟು, ಪ್ರತಿ ಶನಿವಾರವೂ ತೆಗೆದ ನೀರೆಷ್ಟು, ಹಾಕಿದ ನೀರೆಷ್ಟು, ಕತ್ತರಿಸಿದ ಎಲೆಗಳೆಷ್ಟು, ಮೀನುಗಳ ನಡತೆ ಹೇಗೆ ಎಂಬುದನ್ನು ಬರೆದಿಡುವಂತೆ ಆಜ್ಞಾಪಿಸಿದರು. ಮೊದಲ ಆರು ವಾರ ನಾವು ದಿನಬಿಟ್ಟು ದಿನ ಎರಡು ಚೊಂಬು ನೀರನ್ನು ಬದಲಿಸಿದೆವು. ಏಳನೆಯ ವಾರದ ಪುಟದಲ್ಲಿ ನನ್ನ ಗೆಳತಿಯು, “ನೀರು ತಿಳಿಯಾಗಿದೆ, ಹೈಡ್ರಿಲ್ಲವು ಚಿಗುರಿದೆ, ಮೂರೂ ಕ್ಷೇಮ” ಎಂದು ಬರೆದಳು. ನಾವು ಶಾಲೆಯನ್ನು ಬಿಡುವಾಗ ಆ ಮೂರೂ ಬದುಕಿದ್ದವು. ಪುಸ್ತಕವನ್ನು ಕೆಳಗಿನ ತರಗತಿಯವರ ಕೈಗೆ ಒಪ್ಪಿಸಿ ಬಂದೆವು. ತಾಯಿತಂದೆಗಳೇ, ನಿಮ್ಮ ಮಗಳು ಮೀನುತೊಟ್ಟಿಯನ್ನು ಬೇಡಿದರೆ ಬೇಡವೆನ್ನದಿರಿ. ಆದರೆ ಅದರೊಡನೆ ಒಂದು ಕೊಳವೆಯನ್ನೂ ಎರಡು ಬಾಲ್ದಿಗಳನ್ನೂ ಅಂಥದೇ ಒಂದು ಪುಸ್ತಕವನ್ನೂ ಕೊಡಿಸಿ, ಶನಿವಾರದ ಅರ್ಧ ಗಂಟೆಯನ್ನು ಅದಕ್ಕಾಗಿ ಮೀಸಲಿಡುವಂತೆ ಹೇಳಿರಿ. ಅವಸರಪಟ್ಟು ಒಂದೇ ದಿನ ಮಾಡುವ ಕೆಲಸಕ್ಕಿಂತ, ಮಿತವಾಗಿ ವಾರವಾರವೂ ಮಾಡುವ ಕೆಲಸವೇ ಜೀವಿಗಳನ್ನು ಕಾಯುತ್ತದೆಂಬುದನ್ನು ಅವಳು ಆ ತೊಟ್ಟಿಯಿಂದಲೇ ಕಲಿತುಕೊಳ್ಳುವಳು.